ವಿದ್ಯಾದಾನವೂ ಸ್ಪರ್ಧಾಧರ್ಮವೂ

ಗರಡಿಯ ಜಟ್ಟಿಯೊಬ್ಬನು ತಾನು ಸಾಧಿಸಿದ ಪಟ್ಟುಗಳನ್ನೆಲ್ಲ ನಾಳೆ ತನ್ನೆದುರು ಕಣಕ್ಕಿಳಿಯುವವನಿಗೂ ಕಲಿಸಿಕೊಟ್ಟರೆ, ಅದನ್ನು ಔದಾರ್ಯವೆನ್ನಬೇಕೋ ಅವಿವೇಕವೆನ್ನಬೇಕೋ? ಗೆಲ್ಲಬೇಕೆಂಬ ಛಲವೂ ಕೊಡಬೇಕೆಂಬ ಬುದ್ಧಿಯೂ ಒಂದೇ ಹೃದಯದಲ್ಲಿ ನೆಲಸಬಲ್ಲವೇ? ಇದನ್ನು ವಿಚಾರಿಸುವುದಕ್ಕೆ ಚದುರಂಗವಾಡುವ ಗಣಕಯಂತ್ರಗಳ ಲೋಕದಲ್ಲಿ ಒಂದು ದೃಷ್ಟಾಂತವು ದೊರೆಯುತ್ತದೆ.

ಗಣಕಯಂತ್ರವನ್ನು ಆಡಿಸುವುದು ಮನುಷ್ಯನು ಬರೆದ ಪ್ರೋಗ್ರಾಮು. ಅದರ ಮೂಲಪಾಠಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ವ್ಯಾಪಾರಿಗಳು ಸಾಮಾನ್ಯವಾಗಿ ಮೂಲಪಾಠವನ್ನು ಗೋಪ್ಯವಾಗಿಟ್ಟು ಅದರ ಫಲವನ್ನು ಮಾತ್ರ ಮಾರುವರು. ನಾರ್ವೆ ದೇಶದ ಟೋರ್ಡ್ ರೋಮ್‌ಸ್ಟಾಡ್ ಎಂಬವರಾದರೋ ತಮ್ಮ ಗ್ಲೌರುಂಗ್ ಎಂಬ ಪ್ರೋಗ್ರಾಮಿನ ಮೂಲಪಾಠವನ್ನು ಸರ್ವರಿಗೂ ತೆರೆದಿಟ್ಟರು. 2008ರಲ್ಲಿ ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಎಂಬವರು ಅದನ್ನೇ ತಿದ್ದಿ ಬೆಳೆಸಿ ಸ್ಟಾಕ್‌ಫಿಶ್ ಎಂಬ ಹೆಸರಿನಿಂದ ಹೊರತಂದರು. ಹೊಸದು ಹಳೆಯದನ್ನು ಮೀರಿದಾಗ ರೋಮ್‌ಸ್ಟಾಡರು ಗ್ಲೌರುಂಗಿನ ಕೆಲಸವನ್ನು ನಿಲ್ಲಿಸಿ ಸ್ಟಾಕ್‌ಫಿಶ್‌ಗೇ ಕೈಗೂಡಿಸಿದರು. ಶಿಷ್ಯನಿಗೆ ಸೋಲುವುದೇ ಗುರುವಿನ ಗೆಲುವೆಂದು ನಮ್ಮ ಹಿರಿಯರು ಹೇಳುವುದು ಇಂತಹ ನಡೆಯನ್ನೇ ಅಲ್ಲವೇ?

2013ರಿಂದ ಅನೇಕ ಸ್ವಯಂಸೇವಕರು ತಮ್ಮ ಯಂತ್ರಗಳ ಬಿಡುವಿನ ಕಾಲವನ್ನು ಇದಕ್ಕೆ ಒಪ್ಪಿಸುತ್ತ ಬಂದಿದ್ದಾರೆ. ಯಾರೇ ಸೂಚಿಸಿದ ತಿದ್ದುಪಡಿಯಾಗಲಿ, ಸಾವಿರಾರು ಆಟಗಳಲ್ಲಿ ಹಳೆಯ ಪಾಠದೊಡನೆ ಸೆಣಸಿ ಮೇಲೆನಿಸಿದರೆ ಮಾತ್ರ ಅಂಗೀಕೃತವಾಗುವುದು. 2014ರಲ್ಲಿ ಟಿಸಿಇಸಿ ಪಂದ್ಯಾವಳಿಯ ಅಂತಿಮ ಸ್ಪರ್ಧೆಯಲ್ಲಿ ಸ್ಟಾಕ್‌ಫಿಶ್ ಮಾರಾಟದ ಪ್ರೋಗ್ರಾಮಾದ ಕೊಮೊಡೊವನ್ನು ಸೋಲಿಸಿತು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಮುಚ್ಚಿಟ್ಟವನು ತೆರೆದಿಟ್ಟವನ ಪಾಠವನ್ನು ಓದಬಲ್ಲನು, ತೆರೆದಿಟ್ಟವನಿಗೆ ಅವನದು ಕಾಣದು. ಇದು ಸಮಾನರ ಸ್ಪರ್ಧೆಯೇ? ಈ ಆಕ್ಷೇಪವು ಹುರುಳಿಲ್ಲದ್ದಲ್ಲ. ಫ್ರಾನ್ಸಿನ ಫಾಬಿಯನ್ ಲೆಟೂಜೆ ಅವರ ಫ್ರೂಟ್ ಎಂಬ ಪ್ರೋಗ್ರಾಮು 2005ರ ವಿಶ್ವಸ್ಪರ್ಧೆಯಲ್ಲಿ ಎರಡನೆಯ ಸ್ಥಾನವನ್ನು ಪಡೆಯಿತು. ತೆರೆದ ಪಾಠದಿಂದ ಅನೇಕರು ಕಲಿತರು; ಅನಂತರದ ಆವೃತ್ತಿಯು ಮುಚ್ಚಿದ ಸರಕಾಗಿ ಮಾರಾಟಕ್ಕೆ ಬಂದಿತು. ಅವರನ್ನು ದೂಷಿಸುವ ಅಧಿಕಾರ ನಮಗಿಲ್ಲ. ಕೊಡುವವನ ಮನೆಯಲ್ಲಿಯೂ ಒಲೆ ಉರಿಯಬೇಕಷ್ಟೆ.

ಇದಕ್ಕೆ ಸಮಾಧಾನವು ದಾನದ ಸ್ವರೂಪದಲ್ಲಿಯೇ ಇದೆ. ಸ್ಟಾಕ್‌ಫಿಶ್‌ನ ದಾನವು ನಿಬಂಧನೆಯಿಲ್ಲದ ದಾನವಲ್ಲ. ಯಾರು ಬೇಕಾದರೂ ಅದನ್ನು ಪಡೆಯಬಹುದು, ತಿದ್ದಬಹುದು, ಬೆಲೆಗೆ ಮಾರಲೂಬಹುದು. ಆದರೆ ತಿದ್ದಿದುದನ್ನು ಹಂಚುವವನು ಅದರ ಮೂಲಪಾಠವನ್ನೂ ಅದೇ ಸ್ವಾತಂತ್ರ್ಯವನ್ನೂ ಪಡೆದವನಿಗೆ ಕೊಡಬೇಕು. ಕೆರೆಯ ನೀರು ಎಲ್ಲರಿಗೂ ಸಲ್ಲುವುದು. ತೂಬನ್ನು ತನ್ನ ಗದ್ದೆಗೆ ಮಾತ್ರ ತಿರುಗಿಸಿಕೊಳ್ಳುವುದು ಯಾರಿಗೂ ಸಲ್ಲದು. ಈ ನಿಬಂಧನೆಯು ಮುರಿಯಿತೆಂದು ಸ್ಟಾಕ್‌ಫಿಶ್‌ನ ಕರ್ತೃಗಳು 2021ರಲ್ಲಿ ಜರ್ಮನಿಯ ಚೆಸ್‌ಬೇಸ್ ಸಂಸ್ಥೆಯ ಮೇಲೆ ದಾವೆ ಹೂಡಿದರು. 2022ರಲ್ಲಿ ರಾಜಿಯಾಯಿತು, ನಿಬಂಧನೆಗಳ ಪಾಲನೆಯನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸುವುದಕ್ಕೆ ಸಂಸ್ಥೆಯು ಒಪ್ಪಿತು. ಉದಾರಿಯು ನ್ಯಾಯವನ್ನು ಕೇಳಬಾರದೆಂಬುದು ತಪ್ಪು ತಿಳಿವಳಿಕೆ. ತನಗಾಗಿ ಕೇಳಿದರೆ ಅದು ಲೋಭವಾದೀತು. ತನ್ನ ಮುಂದೆ ಪಡೆಯಬೇಕಾದವರಿಗಾಗಿ ಕೇಳಿದರೆ ಅದು ದಾನದ ರಕ್ಷಣೆಯೇ ಸರಿ.

ಆದುದರಿಂದ ದಾನಕ್ಕೂ ಸ್ಪರ್ಧೆಗೂ ಸ್ವಭಾವತಃ ವಿರೋಧವಿಲ್ಲ. ಸ್ಪರ್ಧೆಯು ವಿದ್ಯೆಗೆ ಒರೆಗಲ್ಲು. ದಾನವು ಅದಕ್ಕೆ ನೀರು. ನಿಜವಾದ ವಿರೋಧವಿರುವುದು ಪಡೆದುದನ್ನು ಮರೆಮಾಚುವುದಕ್ಕೂ ಧರ್ಮಕ್ಕೂ. ಎದುರಾಳಿಗೂ ಕಲಿಸಿ, ಮರುದಿನ ಅವನೊಡನೆಯೇ ಮನಸಾರೆ ಸೆಣಸುವ ಜಟ್ಟಿಯು ಅವಿವೇಕಿಯಲ್ಲ. ಅವನು ಗೆದ್ದರೆ ಗೆಲುವಿಗೆ ಕಳಂಕವಿಲ್ಲ. ಸೋತರೆ ತನ್ನ ವಿದ್ಯೆಯೇ ಬೆಳೆದು ನಿಂತುದನ್ನು ಕಾಣುವನು.