ಮೂಗಿನ ಹೊಳ್ಳೆಯ ಶಸ್ತ್ರಚಿಕಿತ್ಸೆ ಧರ್ಮಸಮ್ಮತವೇ?

ಸುಜೂದ್‌ನಲ್ಲಿ ಹಣೆಯೊಂದಿಗೆ ಮೂಗನ್ನೂ ನೆಲಕ್ಕೆ ತಾಗಿಸಬೇಕೆಂದು ನಾವು ಮಕ್ಕಳಿಗೆ ಮೊದಲ ಪಾಠದಲ್ಲೇ ಕಲಿಸುತ್ತೇವೆ. ಏಳು ಅಂಗಗಳ ಮೇಲೆ ಸುಜೂದ್ ಮಾಡಲು ತಮಗೆ ಆಜ್ಞೆಯಾಗಿದೆಯೆಂದು ತಿಳಿಸುವಾಗ ಪ್ರವಾದಿವರ್ಯರು(ಸ) ಹಣೆಯನ್ನು ಹೆಸರಿಸಿ, ಕೈಯಿಂದ ಮೂಗಿನ ಕಡೆಗೂ ಸನ್ನೆ ಮಾಡಿದರೆಂದು ಬುಖಾರಿಯ ವರದಿಯಲ್ಲಿದೆ. ವುಝೂವಿನಲ್ಲಿ ಅದೇ ಮೂಗಿಗೆ ನೀರೇರಿಸಿ ಶುಚಿಗೊಳಿಸುತ್ತೇವೆ. ದಿನಕ್ಕೆ ಐದು ಹೊತ್ತು ತನ್ನ ಒಡೆಯನ ಮುಂದೆ ನೆಲಕ್ಕಿಳಿಯುವ ಈ ಅಂಗ ನೇರವಾಗಿದೆಯೋ ಓರೆಯಾಗಿದೆಯೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳುವವರು ಹೆಣ್ಣು ನೋಡಲು ಬಂದವರು!

ಅಫಜಲಪುರ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಹಿರಿಯ ರೈತರು ಅಸ್ರ್ ನಮಾಝ್‌ನ ನಂತರ ನನ್ನನ್ನು ಕಾಣಲು ಬಂದರು. "ಮೌಲ್ವಿಸಾಬ್ರೇ, ಮಗಳ ಮೂಗಿಂದು ಆಪರೇಷನ್ ಮಾಡಸಬೇಕಂತ ಮಾಡೀನ್ರಿ. ಒಂದು ಹೊಳ್ಳಿ ದೊಡ್ಡದು, ಒಂದು ಸಣ್ಣದು ಅದ. ಎರಡು ಕಡಿಯವರು ನೋಡಿ ಹೋದರು, ಮತ್ತ ಬರಲಿಲ್ಲ. ಅಲ್ಲಾ ಮಾಡಿದ್ದನ್ನ ಬದಲಿ ಮಾಡೋದು ಹರಾಮ್ ಅಂತಾರ. ನಾ ಏನ್ ಮಾಡಲ್ರಿ?" ಎಂದರು. ಆ ವರ್ಷದ ತೊಗರಿ ಮಾರಿದ ಹಣ ಸಾಲದಿದ್ದರೆ ಹೊಲ ಒತ್ತೆಯಿಡುವುದಕ್ಕೂ ಅವರು ಸಿದ್ಧರಿದ್ದರು.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಆಕೆಗೆ ಆ ಹೊಳ್ಳೆಯಿಂದ ಸರಾಗವಾಗಿ ಉಸಿರಾಡಲು ಬರುತ್ತದೆಯೇ?" ಅವರಿಗೆ ಗೊತ್ತಿರಲಿಲ್ಲ. ಹೊಳ್ಳೆ ಹೇಗೆ ಕಾಣುತ್ತದೆಂಬುದು ಊರಿಗೆಲ್ಲ ತಿಳಿದಿತ್ತು; ಅದು ಉಸಿರಾಡುತ್ತದೆಯೇ ಎಂದು ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ.

ಪ್ರಿಯ ಓದುಗರೇ, ಆಳಂದದಲ್ಲೂ ಜೇವರ್ಗಿಯಲ್ಲೂ ಇಂಥದೇ ಪ್ರಶ್ನೆಯನ್ನು ನಾನು ಕೇಳಿದ್ದೇನೆ. ಆದ್ದರಿಂದ ಧರ್ಮ ಈ ವಿಷಯದಲ್ಲಿ ಏನು ಹೇಳುತ್ತದೆಂದು ಸ್ವಲ್ಪ ವಿವರವಾಗಿ ನೋಡೋಣ.

ಅಲ್ಲಾಹನ ಸೃಷ್ಟಿಯನ್ನು ಬದಲಿಸುವಂತೆ ಮಾನವರನ್ನು ಪ್ರಚೋದಿಸುವೆನೆಂದು ಶೈತಾನನು ಪಣತೊಟ್ಟ ಸಂಗತಿ ಸೂರಃ ಅನ್ನಿಸಾದಲ್ಲಿದೆ. ಹಚ್ಚೆ ಹಾಕುವ, ಹುಬ್ಬಿನ ಕೂದಲು ಕೀಳಿಸುವ, ಅಂದಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಳ್ಳುವ ಸ್ತ್ರೀಯರ ಬಗ್ಗೆ ಹ. ಇಬ್ನು ಮಸ್ಊದ್‌(ರ) ವರದಿ ಮಾಡಿದ ಕಠಿಣ ಹದೀಸ್ ಕೂಡಾ ಪ್ರಸಿದ್ಧವಾದದ್ದೇ. ನಮ್ಮಲ್ಲಿ ಅನೇಕರು ಇಷ್ಟನ್ನು ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಆದರೆ ಆ ಹದೀಸ್‌ನಲ್ಲಿ 'ಅಂದಕ್ಕಾಗಿ' ಎಂಬ ಪದವಿದೆಯಲ್ಲವೇ? ಆ ಒಂದು ಪದದ ಮೇಲೆಯೇ ವಿದ್ವಾಂಸರು ಚಿಕಿತ್ಸೆಯನ್ನೂ ಶೋಕಿಯನ್ನೂ ಬೇರ್ಪಡಿಸಿದ್ದಾರೆ.

ಇನ್ನು ಮೂಗಿನ ಬಗ್ಗೆಯೇ ಒಂದು ಹದೀಸ್ ಇದೆ. ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿ ವರದಿಯಾಗಿರುವಂತೆ, ಹ. ಅರ್ಫಜ ಬಿನ್ ಅಸ್ಅದ್‌(ರ)ರವರ ಮೂಗು ಅಜ್ಞಾನ ಕಾಲದ ಕುಲಾಬ್ ಯುದ್ಧದಲ್ಲಿ ಕತ್ತರಿಸಿ ಹೋಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿಕೊಂಡರು. ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿವರ್ಯರು(ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಅವರಿಗೆ ಆದೇಶಿಸಿದರು. ಗಂಡಸಿಗೆ ಚಿನ್ನ ನಿಷಿದ್ಧ, ಉಂಗುರವೂ ಸಲ್ಲದು. ಅಂಥ ನಿಷೇಧವನ್ನೇ ಒಬ್ಬ ಮನುಷ್ಯನ ಮೂಗಿಗಾಗಿ ಸಡಿಲಿಸಲಾಯಿತು. ಸೃಷ್ಟಿಯನ್ನು ಕೆಡಿಸುವುದು ಬೇರೆ, ಕೆಟ್ಟದ್ದನ್ನು ಸರಿಪಡಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕೆ?

ನಮ್ಮ ಕಾಲದ ವಿದ್ವಾಂಸರೂ ಇದನ್ನು ಕೂಲಂಕಷವಾಗಿ ಚರ್ಚಿಸಿದ್ದಾರೆ. 2007ರ ಜುಲೈಯಲ್ಲಿ ಮಲೇಶ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ 18ನೇ ಅಧಿವೇಶನವು, ಸೀಳುತುಟಿ, ವಿಪರೀತ ಸೊಟ್ಟಾದ ಮೂಗು, ಹೆಚ್ಚುವರಿ ಬೆರಳು ಮುಂತಾದ ಹುಟ್ಟು ಊನಗಳಿಂದ ದೇಹಕ್ಕೋ ಮನಸ್ಸಿಗೋ ಗಣನೀಯ ನೋವಾಗುತ್ತಿದ್ದರೆ ಶಸ್ತ್ರಚಿಕಿತ್ಸೆ ಧರ್ಮಸಮ್ಮತವೆಂದು ನಿರ್ಣಯಿಸಿತು. ಅಪಘಾತ ಮತ್ತು ರೋಗದಿಂದಾದ ವಿಕಾರಕ್ಕೂ ಇದೇ ತೀರ್ಪು. ಆರೋಗ್ಯವಾಗಿರುವ ಮೂಗನ್ನು ಯಾರದೋ ಮೂಗಿನಂತೆ ಮಾಡಿಸಿಕೊಳ್ಳಲು ಮಾತ್ರ ಅನುಮತಿಯಿಲ್ಲ.

ಹಾಗಾದರೆ ಹೊಳ್ಳೆಗಳೇಕೆ ಏರುಪೇರಾಗುತ್ತವೆ? ಮೂಗಿನ ನಡುವೆ ಒಂದು ಗೋಡೆಯಿದೆ. ಮುಂದಿನ ಭಾಗ ಮೆತ್ತೆಲುಬು, ಹಿಂದಿನದು ಗಟ್ಟಿ ಎಲುಬು. ಆ ಗೋಡೆ ಒಂದು ಬದಿಗೆ ವಾಲಿದರೆ ಒಂದು ಹೊಳ್ಳೆ ಕಿರಿದಾಗಿ ಇನ್ನೊಂದು ಅಗಲವಾಗಿ ಕಾಣುತ್ತದೆ. ತುಸು ವಾಲಿರುವುದು ಬಹಳ ಜನರಲ್ಲಿ ಸಾಮಾನ್ಯ. ಎರಡೂ ಬದಿ ತೂಗಿದಂತೆ ಸಮನಾಗಿರುವ ಮುಖವನ್ನು ಅಲ್ಲಾಹನು ಯಾರಿಗೂ ಕೊಟ್ಟಿಲ್ಲವೆಂದೇ ಹೇಳಬೇಕು. ಆರೋಗ್ಯವಂತರ ಹೊಳ್ಳೆಗಳು ಸಹ ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಬಿಗಿದು ಸಡಿಲಗೊಳ್ಳುತ್ತವೆ. ಆದರೆ ಒಂದು ಹೊಳ್ಳೆ ಸದಾ ಕಟ್ಟಿಕೊಂಡಿದ್ದರೆ, ಬಾಯಿ ತೆರೆದೇ ನಿದ್ದೆ ಮಾಡುವಂತಿದ್ದರೆ, ಅದು ರೋಗ. ಗೋಡೆಯನ್ನು ಒಳಗಿನಿಂದಲೇ ನೇರ ಮಾಡುವುದಕ್ಕೆ ಸೆಪ್ಟೋಪ್ಲಾಸ್ಟಿ ಎನ್ನುತ್ತಾರೆ. ಹೊರಗೆ ಗಾಯದ ಗುರುತು ಉಳಿಯುವುದಿಲ್ಲ. ಹೊರಗಿನ ಆಕಾರವನ್ನೂ ತಿದ್ದಬೇಕಾದರೆ ರೈನೋಪ್ಲಾಸ್ಟಿ. ಕೆಲವೊಮ್ಮೆ ಕಿವಿಯ ಅಥವಾ ಪಕ್ಕೆಲುಬಿನ ಮೆತ್ತೆಲುಬನ್ನು ಊರುಗೋಲಿನಂತೆ ಇಡುತ್ತಾರೆ. ಹೊಳ್ಳೆಯ ಬುಡದ ಚರ್ಮವನ್ನು ಕತ್ತರಿಸಿ ಕಿರಿದುಗೊಳಿಸುವುದು ಹೆಚ್ಚಾಗಿ ಅಂದದ ಕೆಲಸ. ಬ್ಯೂಟಿ ಪಾರ್ಲರ್‌ಗಳಲ್ಲಿ ಚುಚ್ಚಿ ತುಂಬಿಸುವ ಫಿಲ್ಲರ್‌ನ ಬಗ್ಗೆ ಎಚ್ಚರವಿರಲಿ. ಅದು ರಕ್ತನಾಳಕ್ಕೆ ಸೇರಿದರೆ ಚರ್ಮ ಕೊಳೆಯಬಹುದು, ಕಣ್ಣೇ ಹೋಗಬಹುದು.

ಯಾವ ಶಸ್ತ್ರಚಿಕಿತ್ಸೆಯೂ ಕನ್ನಡಿಯಂಥ ಸಮತೆಯ ಭರವಸೆ ಕೊಡಲಾರದು. ಬಾವು ಪೂರ್ತಿ ಇಳಿಯಲು ವರ್ಷವೇ ಹಿಡಿಯಬಹುದು, ಕೆಲವರಿಗೆ ಎರಡನೆಯ ಸಲ ಮಾಡಿಸಬೇಕಾಗುತ್ತದೆ. ಹೊರ ಆಕಾರ ತಿದ್ದುವುದಕ್ಕೆ ಮುಖದ ಬೆಳವಣಿಗೆ ಮುಗಿಯುವ ತನಕ, ಅಂದರೆ ಹದಿನಾರು ಹದಿನೆಂಟರ ವಯಸ್ಸಿನವರೆಗೆ, ಸಾಮಾನ್ಯವಾಗಿ ಕಾಯುತ್ತಾರೆ. ಆದರೆ ಮಗು ಮೂಗಿನ ಮೇಲೆ ಬಿದ್ದು, ಒಳಗೆ ಎರಡೂ ಕಡೆ ಊದಿ ಮೂಗು ಕಟ್ಟಿದರೆ ಒಂದು ದಿನವೂ ಕಾಯಬೇಡಿ. ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಕೆಲವೇ ದಿನಗಳಲ್ಲಿ ಮೆತ್ತೆಲುಬು ಸತ್ತು ಮೂಗು ಕುಸಿಯುತ್ತದೆ. ಅರಿಶಿಣ ಹಚ್ಚಿ ಮಲಗಿಸಿದ ಎಷ್ಟೋ ಮೂಗುಗಳು ಹೀಗೆಯೇ ಸೊಟ್ಟಾಗಿವೆ.

ಸೀಳುತುಟಿಯೊಂದಿಗೆ ಹುಟ್ಟಿದ ಕೂಸಿಗೂ ಆ ಬದಿಯ ಹೊಳ್ಳೆ ಚಪ್ಪಟೆಯಾಗಿರುತ್ತದೆ. ನಮ್ಮ ಕಡೆ ಇದಕ್ಕೆ ಗ್ರಹಣವನ್ನು ದೂರುತ್ತಾರೆ, ಬಸುರಿಯಾಗಿದ್ದಾಗ ಹೊರಗೆ ಬಂದಳೆಂದು ತಾಯಿಯನ್ನು ದೂರುತ್ತಾರೆ. ಪ್ರವಾದಿವರ್ಯರ(ಸ) ಪುತ್ರ ಇಬ್ರಾಹೀಮ್ ನಿಧನರಾದ ದಿನವೇ ಸೂರ್ಯಗ್ರಹಣವಾಗಿತ್ತು. ಜನರು ಎರಡನ್ನೂ ತಳಕು ಹಾಕಿದಾಗ, ಯಾರ ಹುಟ್ಟಿಗೂ ಸಾವಿಗೂ ಗ್ರಹಣ ಹಿಡಿಯುವುದಿಲ್ಲವೆಂದು ಅವರು ತಮ್ಮ ದುಃಖದ ನಡುವೆಯೂ ತಿಳಿಹೇಳಿದರು. ತಾಯಿಯನ್ನು ಬಯ್ಯುವ ಬದಲು ಕೂಸನ್ನು ಕಲಬುರಗಿಗೆ ಕರೆದೊಯ್ಯಿರಿ. ತುಟಿಯ ಶಸ್ತ್ರಚಿಕಿತ್ಸೆಯನ್ನು ಮೂರರಿಂದ ಆರು ತಿಂಗಳೊಳಗೆ ಮಾಡುವುದು ವಾಡಿಕೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದು ಸೇರಿದೆ; ಅಂಗನವಾಡಿಯಲ್ಲೋ ತಾಲೂಕು ಆಸ್ಪತ್ರೆಯಲ್ಲೋ ವಿಚಾರಿಸಿರಿ.

ಈ ವಿದ್ಯೆ ಪರದೇಶದ್ದೆಂದು ಭಾವಿಸಬೇಡಿ. ಸುಶ್ರುತ ಸಂಹಿತೆಯಲ್ಲೇ ಮೂಗು ಕಟ್ಟುವ ವಿಧಾನವಿದೆ. ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕೋವಾಸ್‌ಜಿ ಎಂಬಾತ 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡಿದ್ದ. ಪುಣೆಯ ಬಳಿ ದೇಶೀ ವೈದ್ಯನೊಬ್ಬ ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದು ಚಿತ್ರಸಹಿತ ಪ್ರಕಟವಾಯಿತು. ಅದನ್ನು ಓದಿ ಯುರೋಪಿನ ವೈದ್ಯರು ಕಲಿತರು. (ಯುದ್ಧದಲ್ಲೂ ಅಂಗಛೇದವನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಯಾರ ಸೈನಿಕರು ಮಾಡಿದರೂ ತಪ್ಪು ತಪ್ಪೇ.)

ಈಗ ಆ ಹುಡುಗಿಯ ವಿಷಯಕ್ಕೆ ಬರೋಣ. ತಾಯಿಯನ್ನು ಕೇಳಿದಾಗ, ಏಳು ವರ್ಷದವಳಿದ್ದಾಗ ಬಂಡಿಯಿಂದ ಬಿದ್ದಿದ್ದಳು, ಅಂದಿನಿಂದ ಬಾಯಿಯಿಂದಲೇ ಉಸಿರಾಡುತ್ತಾಳೆ ಎಂದು ತಿಳಿಯಿತು. ಕಲಬುರಗಿಯ ಕಿವಿ-ಮೂಗು-ಗಂಟಲು ವೈದ್ಯರೂ ನಡುಗೋಡೆ ಪೂರ್ತಿ ವಾಲಿದೆಯೆಂದರು. ಆಕೆಗೆ ಚಿಕಿತ್ಸೆ ಹರಾಮ್ ಅಲ್ಲ. ಹತ್ತು ವರ್ಷ ತಡವಾಗಿದೆ ಅಷ್ಟೆ. ಒಂದು ವೇಳೆ ಉಸಿರಾಟ ಸರಿಯಿದ್ದು, ಹೊಳ್ಳೆಯಲ್ಲಿ ಕೂದಲೆಳೆಯ ವ್ಯತ್ಯಾಸ ಮಾತ್ರವಿದ್ದಿದ್ದರೆ, ಹೊಲ ಒತ್ತೆಯಿಡಬೇಡಿರೆಂದೇ ನಾನು ಹೇಳುತ್ತಿದ್ದೆ. ಆಗ ರೋಗವಿರುವುದು ನೋಡಲು ಬಂದವರ ಕಣ್ಣಿನಲ್ಲಿ. ಒಬ್ಬರನ್ನೊಬ್ಬರು ಅಣಕಿಸಬಾರದು, ಅಡ್ಡಹೆಸರಿನಿಂದ ಕರೆಯಬಾರದು ಎಂದು ಸೂರಃ ಅಲ್‌ಹುಜುರಾತ್ ಗಂಡಸರಿಗೂ ಹೆಂಗಸರಿಗೂ ಬೇರೆಬೇರೆಯಾಗಿ ತಾಕೀತು ಮಾಡಿದೆ. 'ಸೊಟ್ಟಮೂಗಿ' ಎಂದು ಓಣಿಯಲ್ಲಿ ಕೂಗುವ ಮಗುವಿಗೆ ಆ ಪದ ಕಲಿಸಿದವರಾರು? ಚಹಾ ಕುಡಿದು, ಮೂಗು ನೋಡಿ, ಉತ್ತರವನ್ನೂ ಕೊಡದೆ ಎದ್ದುಹೋಗುವ ಹಿರಿಯರು ತಾನೆ?

ಶಸ್ತ್ರಚಿಕಿತ್ಸೆಯಾದವರು ಕೆಲವು ವಾರ ಬಗ್ಗಬಾರದೆಂದು ವೈದ್ಯರು ಹೇಳುತ್ತಾರೆ. ಅಷ್ಟು ದಿನ ಕುಳಿತು ಸನ್ನೆಯಿಂದ ನಮಾಝ್ ಮಾಡಬಹುದು, ಪಟ್ಟಿಯ ಮೇಲೆ ಒದ್ದೆ ಕೈಯಿಂದ ಸವರಿದರೆ ವುಝೂಗೆ ಸಾಕು. ಹನಫೀ ಫಿಕ್ಹ್‌ನಲ್ಲಿ ಮೂಗಿಗೆ ಔಷಧಿ ಹಾಕಿದರೆ ಉಪವಾಸ ಮುರಿಯುವುದರಿಂದ, ತುರ್ತಿಲ್ಲದಿದ್ದರೆ ರಮಝಾನ್ ಕಳೆದ ಮೇಲೆ ಮಾಡಿಸಿರಿ.

ಹೊರಡುವಾಗ ಆ ಹಿರಿಯರು ಇನ್ನೊಂದು ಮಾತು ಕೇಳಿದರು. ಮುಂದೆ ಬರುವ ಬೀಗರಿಗೆ ಇದನ್ನು ಹೇಳಬೇಕೆ, ಮುಚ್ಚಿಡಬೇಕೆ? ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿ ಒದ್ದೆ ಸಿಕ್ಕಾಗ ಪ್ರವಾದಿವರ್ಯರು(ಸ) ವ್ಯಾಪಾರಿಯನ್ನು ಪ್ರಶ್ನಿಸಿದ ಹದೀಸನ್ನು ನಾನು ನೆನಪಿಸಿದೆ. ತೊಗರಿ ಬೆಳೆಯುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮೊನ್ನೆ ಜೇವರ್ಗಿ ಕಡೆಯವರು ನೋಡಲು ಬಂದಾಗ ಹುಡುಗಿಯೇ ಹೇಳಿದಳಂತೆ: "ಬಂಡಿಯಿಂದ ಬಿದ್ದಿದ್ದೆ, ಮೂಗಿಂದು ಆಪರೇಷನ್ ಆಗ್ಯದ, ಈಗ ಉಸಿರು ಛಲೋ ಆಡತದ." ಅವರ ಉತ್ತರ ಇನ್ನೂ ಬಂದಿಲ್ಲ.