ದುಗ್ಗಳೆಯ ಪಾಯಸ



ನೇಕಾರರ ಓಣಿಯಲ್ಲಿ ದೇವರ ದಾಸಿಮಯ್ಯನ ಕತೆ ಕೇಳದವರಿಲ್ಲ. ಮುದನೂರಿನ ಆ ನೇಕಾರ ಹೆಣ್ಣು ನೋಡಲು ಹೊರಟಾಗ ಉಸುಕು ಬೆರೆತ ಅಕ್ಕಿಯ ಗಂಟು, ಕಬ್ಬಿನ ಜಲ್ಲೆ ಹಿಡಿದುಕೊಂಡು ಹೋದನಂತೆ. ನೀರು ಮುಟ್ಟದೆ, ಕಟ್ಟಿಗೆ ಉರಿಸದೆ ಇಷ್ಟರಲ್ಲೇ ಅಡುಗೆ ಮಾಡುವವಳೇ ತನಗೆ ತಕ್ಕ ಹೆಂಡತಿ ಎಂದ. ದುಗ್ಗಳೆ ಎಂಬ ಹುಡುಗಿ ಅಕ್ಕಿ ಕೇರಿ ಉಸುಕು ತೆಗೆದಳು, ಕಬ್ಬು ಹಿಂಡಿ ಹಾಲು ಮಾಡಿಕೊಂಡಳು, ಉಳಿದ ಸಿಪ್ಪೆ ಒಣಗಿಸಿ ಅದರಲ್ಲೇ ಒಲೆ ಹೊತ್ತಿಸಿದಳು. ಪುರಾಣ ಹೇಳುವವರು ಅವಳ ಜಾಣತನವನ್ನೂ ಕೈಹಿಡಿತವನ್ನೂ ಹೊಗಳಿ ಮುಂದಕ್ಕೆ ಹೋಗುತ್ತಾರೆ. ನಾನು ಪಾತ್ರೆಯ ಮುಂದೆ ನಿಲ್ಲುತ್ತೇನೆ. ಅಷ್ಟು ಕಡು ಹಿಡಿತದ ಪರೀಕ್ಷೆಯಲ್ಲಿ ಆ ಹುಡುಗಿ ಇಳಿಸಿದ್ದು ಪಾಯಸ. ಬಡವನ ಸಂಸಾರದ ಮೊದಲ ಅಡುಗೆಯೇ ಸಿಹಿ.

ಇದಕ್ಕೆ ಎದುರಾಗಿ ನೀವು ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಬಹುದು. ಗಂಡ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದದ್ದಕ್ಕೆ ಅದನ್ನು ಅಲ್ಲೇ ಸುರಿದು ಬಾ ಎಂದವಳು ಲಕ್ಕಮ್ಮ. ಈ ಕತೆಯನ್ನು ಹಿಡಿದುಕೊಂಡು ಮನೆಮಂದಿಯ ಬಾಯಿ ಕಟ್ಟಿದ ಯಜಮಾನರನ್ನು ನಾನು ಬಹಳ ಕಂಡಿದ್ದೇನೆ. ಅವಳು ಬೇಡವೆಂದದ್ದು ಮಿಕ್ಕ ಅಕ್ಕಿಯನ್ನು. ಅಂದಿನ ಅಕ್ಕಿಯಲ್ಲಿ ಅಡುಗೆಯೂ ಆಯಿತು, ದಾಸೋಹವೂ ನಡೆಯಿತು. ಲಕ್ಕಮ್ಮ ಮತ್ತು ದುಗ್ಗಳೆ ಇಬ್ಬರೂ ಒಂದೇ ಒಲೆಯ ಮುಂದೆ ಕೂತವರು. ಒಬ್ಬಳ ಮಾತು ಕೇಳಿ ಇನ್ನೊಬ್ಬಳನ್ನು ಹೊರಗೆ ಕಳಿಸಬಾರದು.

ಇನ್ನು ನಮ್ಮ ಸೀಮೆಗೆ ಬರೋಣ. ರಬಕವಿ-ಬನಹಟ್ಟಿಯ ಮಗ್ಗದ ಮೇಲೆ ಏರುವುದು ಸೀರೆ. ಮಹಾಲಿಂಗಪುರದ ಪೇಟೆಗೆ ಹೆಸರು ತಂದದ್ದು ಬೆಲ್ಲ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಆ ಕಡೆ ಜಮಖಂಡಿಯ ಕೃಷ್ಣೆಯ ದಂಡೆಯಲ್ಲೂ ಈ ಕಡೆ ಮುಧೋಳದ ಘಟಪ್ರಭೆಯ ದಂಡೆಯಲ್ಲೂ ಇವತ್ತು ಕಣ್ಣು ಹಾಯಿಸಿದಷ್ಟೂ ಕಬ್ಬು. ಸೀರೆ, ಬೆಲ್ಲ, ಸಕ್ಕರೆ: ಯಾವುದೋ ಊರಿನ ಯಾರದೋ ಮನೆಯ ಸಣ್ಣ ಸಂತೋಷವೇ ನಮ್ಮ ಅನ್ನ. ಅಲ್ಲೊಬ್ಬ ತಾಯಿ ‘ಈ ವರ್ಷ ಸೀರಿ ಬ್ಯಾಡ ಬಿಡ್ರಿ’ ಅಂದರೆ ಇಲ್ಲೊಂದು ಮಗ್ಗದ ಸದ್ದು ಕಡಿಮೆಯಾಗುತ್ತದೆ. ಮುಧೋಳದ ರನ್ನನೂ ಬಳೆಗಾರರ ಮನೆಯವನು. ಕವಿಚಕ್ರವರ್ತಿಯಾಗುವ ಮೊದಲು ಅವನು ಉಂಡ ಅನ್ನ ಹೆಣ್ಣುಮಕ್ಕಳ ಕೈಬಳೆಯ ದುಡ್ಡಿನದು. ಕಂಡವರ ಸಂತೋಷವನ್ನು ನೇಯ್ದು ಬದುಕುವ ನಾವು ನಮ್ಮ ಮನೆಯ ಸಂತೋಷವನ್ನು ಮಾತ್ರ ದುಂದು ಎಂದು ಬರೆಯುವುದು ಯಾವ ನ್ಯಾಯ?

ನೇಕಾರನಿಗೆ ದುಡ್ಡು ವಾರದ ಬಟವಡೆಯಲ್ಲಿ ಚೂರುಚೂರಾಗಿ ಬರುತ್ತದೆ, ಚೂರುಚೂರಾಗಿಯೇ ಸೋರುತ್ತದೆ. ಕಬ್ಬಿನವನಿಗೆ ಬರುವುದು ಗಂಟು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ಲು ಕೈಸೇರಬೇಕು, ತಡವಾದರೆ ಶೇ. 15ರ ಬಡ್ಡಿ ಸೇರಿಸಿ ಕೊಡಬೇಕು. ಅದರ ದಾರಿ ಕಾಯುವ ಕಷ್ಟ ನಿಮಗೇ ಗೊತ್ತು, ನಾನು ಹೇಳಬೇಕಿಲ್ಲ. ಕಾದು ಕಾದು ಬಂದ ಗಂಟನ್ನು ಒಂದೇ ಮದುವೆಯ ಪೆಂಡಾಲಿಗೆ ಸುರಿಯುವುದನ್ನೂ ನೋಡಿದ್ದೇವೆ. ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟವರಲ್ಲಿ ಪರಿಹಾರದ ದುಡ್ಡು ಹೇಗೆ ಬಂತು, ಹೇಗೆ ಹೋಯಿತು ಎಂದು ಕೇಳಿ ನೋಡಿ. ವರ್ಷವೆಲ್ಲ ಮಕ್ಕಳಿಗೆ ಒಂದು ಪೇರಲಹಣ್ಣು ಕೊಡಿಸದ ಕೈ ಒಂದು ದಿನದ ಮೆರವಣಿಗೆಗೆ ಸಾಲ ಮಾಡುತ್ತದೆ. ಹಸಿದ ಮನಸ್ಸು ಊಟಕ್ಕೆ ಕೂತಾಗ ಅಳತೆ ಮರೆಯುತ್ತದೆ.

ನಮ್ಮ ಅಜ್ಜಿಯರು ಬಜೆಟ್ ಎಂಬ ಮಾತು ಕೇಳಿದವರಲ್ಲ. ಪಂಚಾಂಗವೇ ಅವರ ಲೆಕ್ಕದ ವಹಿ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಅಲ್ಲೇ ಬುತ್ತಿ ಊಟ. ಈ ಶ್ರಾವಣದ ನಾಗರಪಂಚಮಿಯನ್ನೇ ನೋಡಿ: ಶೇಂಗಾದ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು, ಮರಕ್ಕೊಂದು ಜೋಕಾಲಿ, ತವರಿಗೆ ಬಂದ ಹೆಣ್ಣುಮಗಳಿಗೆ ಒಂದು ಕುಪ್ಪಸದ ಖಣ. ಇದರಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ, ಅಕಸ್ಮಾತ್ತಾಗಿ ಬಂದದ್ದೂ ಇಲ್ಲ. ಬೆಲ್ಲ, ಶೇಂಗಾ ತಿಂಗಳ ಮೊದಲೇ ಡಬ್ಬಿ ಸೇರಿರುತ್ತಿದ್ದವು. ಬರಗಾಲದಲ್ಲಿ ಉಂಡಿ ಸಣ್ಣದಾಗುತ್ತಿತ್ತೇ ಹೊರತು ಪಂಚಮಿ ತಪ್ಪುತ್ತಿರಲಿಲ್ಲ. ಉಳಿದರೆ ಮಾಡೋಣ ಎಂದಿದ್ದರೆ ಅವರು ಒಂದು ಹಬ್ಬವನ್ನೂ ಕಾಣುತ್ತಿರಲಿಲ್ಲ, ಏಕೆಂದರೆ ಅವರ ಕಾಲದಲ್ಲಿ ಏನೂ ಉಳಿಯುತ್ತಿರಲಿಲ್ಲ.

2024ರಲ್ಲಿ ನೆರೆಯ ರಾಯಬಾಗ ತಾಲ್ಲೂಕಿನ ಒಬ್ಬ ಅಜ್ಜಿ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಹಣವನ್ನು ಕೂಡಿಟ್ಟು ಊರವರಿಗೆಲ್ಲ ಹೋಳಿಗೆ ಊಟ ಹಾಕಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಜ್ಜಿಗೆ ಲೆಕ್ಕ ಬರುವುದಿಲ್ಲ ಎಂದವರೂ ಇದ್ದಾರು. ಕೂಡಿಡಲು ಬಂದವಳಿಗೆ ಲೆಕ್ಕ ಬರದೇ ಇರುತ್ತದೆಯೇ? ಯಾರ ಹತ್ತಿರವೂ ಸಾಲ ಕೇಳಲಿಲ್ಲ, ಕದ ಮುಚ್ಚಿಕೊಂಡು ಒಬ್ಬಳೇ ಉಣ್ಣಲಿಲ್ಲ. ಇದಕ್ಕಿಂತ ಶುದ್ಧವಾದ ದಾಸೋಹ ಬೇಕೆನ್ನುವವರು ನನಗೆ ತೋರಿಸಲಿ.

ಎಚ್ಚರಿಕೆಯ ಮಾತೂ ಇದೆ, ಅದನ್ನು ಗಂಡಸರ ಕಡೆ ತಿರುಗಿಯೇ ಹೇಳುತ್ತೇನೆ. ಗುಟ್ಕಾ, ಮಟಕಾ, ಸಂಜೆಯ ಬಾಟಲಿ, ಮೊಬೈಲಿನ ಜೂಜು. ಇವನ್ನು ಯಾವ ಮನೆಯವರೂ ಖರ್ಚೆಂದು ಬರೆದಿಡುವುದಿಲ್ಲ. ವಹಿಯಲ್ಲಿ ಇಲ್ಲದ ಕಾರಣ ಇವಕ್ಕೆ ಕತ್ತರಿಯೂ ಬೀಳುವುದಿಲ್ಲ. ತಂಗಿಯ ಮಲ್ಲಿಗೆ ಮಾಲೆಗೆ, ಮಕ್ಕಳ ಸಂತೆಯ ಚುರುಮುರಿಗೆ ಬೀಳುತ್ತದೆ. ಕಂಡಿಕೆ ಸುತ್ತಿ ಸುತ್ತಿ ಬೆರಳು ಸವೆಸಿಕೊಂಡ ತಾಯಿ ‘ನನಗೇನ್ ಬೇಕಾಗೇತ್ರಿ, ಹುಡುಗ್ರಿಗೆ ತರ್ರಿ’ ಅನ್ನುತ್ತಾಳೆ, ಮನೆಯವರು ಅದನ್ನು ತ್ಯಾಗ ಎಂದು ಹೊಗಳಿ ಸುಮ್ಮನಾಗುತ್ತಾರೆ. ಈ ಹೊಗಳಿಕೆ ನನಗೆ ಸರಿಬರುವುದಿಲ್ಲ. ಮನೆಯಲ್ಲಿ ಒಬ್ಬರು ಎಂದೂ ಏನನ್ನೂ ಕೇಳುತ್ತಿಲ್ಲವೆಂದರೆ, ಆ ಮನೆಯ ಲೆಕ್ಕ ತಪ್ಪಿದೆ.

ಸಂಘದ ಸಾಲದಲ್ಲಿ, ಫೈನಾನ್ಸಿನವರ ಕಂತಿನಲ್ಲಿ ಸಂತೋಷ ತರಬೇಡಿ. 2025ರಲ್ಲಿ ನಮ್ಮ ಸರ್ಕಾರ ಕಿರುಸಾಲದ ವಸೂಲಿ ಕಿರುಕುಳ ತಡೆಯಲೆಂದೇ ಕಾನೂನು ತರಬೇಕಾಯಿತು. ಎಷ್ಟು ಹೊಸ್ತಿಲುಗಳಲ್ಲಿ ಕಣ್ಣೀರು ಬಿದ್ದಿರಬೇಕು, ಯೋಚಿಸಿ. ಕಂತು, ಬಾಡಿಗೆ, ಶಾಲೆಯ ಫೀ, ಔಷಧಿ ಮೊದಲು ಎತ್ತಿಡಿ. ಅದರ ಮಗ್ಗುಲಿಗೇ, ಕಿರಾಣಿಯ ಉದ್ರಿ ತೀರಿಸುವ ದಿನವೇ, ಸಂತೋಷದ್ದೆಂದು ಒಂದು ಪಾಲು ಬೇರೆ ಮಾಡಿ. ಸಾಸಿವೆ ಡಬ್ಬಿಯ ತಳದಲ್ಲಿ ಕದ್ದು ಇಡಬೇಡಿರಿ ತಾಯಂದಿರೇ, ಎಲ್ಲರಿಗೂ ಕಾಣುವ ಹಾಗೆ ಇಡಿ. ಇಪ್ಪತ್ತು ರೂಪಾಯಿಯೇ ಆಗಲಿ. ಏನು ತರಬೇಕು ಎಂಬುದನ್ನು ಸರತಿಯ ಮೇಲೆ ಒಬ್ಬೊಬ್ಬರು ಹೇಳಲಿ. ಒಂದು ವಾರ ಅಜ್ಜ ಮಿರ್ಚಿ ಬಜಿ ಅಂದಾನು, ಇನ್ನೊಂದು ವಾರ ಮೊಮ್ಮಗಳು ರಿಬ್ಬನ್ನು ಅಂದಾಳು. ಸೋವಿ, ದುಬಾರಿ ಎಂದು ಆಗ ಯಾರೂ ತಕರಾರು ಎತ್ತಬಾರದು.

ಈ ವಾರದ ಬಟವಡೆಗೆ ಸರತಿ ಶುರು ಮಾಡಿ. ಮೊದಲ ಸರತಿ ತಾಯಿಯದು. ‘ನನಗೇನೂ ಬ್ಯಾಡ’ ಅಂದರೆ ಆ ದುಡ್ಡನ್ನು ಬೇರೆಯವರು ಮುಟ್ಟಬೇಡಿ. ಅವಳು ಒಂದು ಹೆಸರು ಹೇಳುವ ತನಕ ಕೇಳುತ್ತ ಕೂಡ್ರಿ.