ಮದ್ದು, ಮುನಿಸು, ಪ್ರಮಾದ

ಕಾಸರಗೋಡಿನ ಕನ್ನಡದಲ್ಲಿ ಜ್ವರಕ್ಕೆ ಕುಡಿಯುವುದೂ ಮದ್ದು, ಗಿಡಕ್ಕೆ ಬಿಡುವುದೂ ಮದ್ದು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರದ ಜನರ ಮೇಲೆ ಈ ಎರಡನೆಯ ಮದ್ದು ಹೆಲಿಕಾಪ್ಟರಿನಿಂದ ಸುರಿಯಿತು. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ ತನ್ನ ಗೇರು ತೋಟಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿತು. ತೋಟ ಗುಡ್ಡದ ನೆತ್ತಿಯಲ್ಲಿ. ಮನೆ, ತೋಡು, ಗದ್ದೆ ಕೆಳಗೆ. ಕುಡಿಯುವ ನೀರು ಬರುವುದು ಅದೇ ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ. ಬಾವಿಯ ಬಾಯಿಯನ್ನಾದರೂ ಮುಚ್ಚಬಹುದು. ಸುರಂಗಕ್ಕೆ ನೀರು ಜಿನುಗಿಸುವ ಗುಡ್ಡವನ್ನು ಮುಚ್ಚುವುದು ಹೇಗೆ?

ತಲೆ ಊದಿಕೊಂಡ ಶಿಶುಗಳು, ಅಪಸ್ಮಾರ, ಮಾತು ಬಾರದ ಮಕ್ಕಳು. ಜಟಾಧಾರಿ ದೈವದ ಮುನಿಸು ಎಂದುಕೊಂಡವರು ಊರಿನಲ್ಲಿ ಹಲವರು. ಇದನ್ನು ಮೌಢ್ಯವೆಂದು ತಳ್ಳಿಹಾಕಬಾರದು. ಕೇಳಿದ್ದಕ್ಕೆ ಉತ್ತರ ಕೊಡುವವರು ಬೇರೆ ಯಾರೂ ಇರಲಿಲ್ಲ; ಹರಕೆ ಹೊತ್ತರೆ ದೈವವಾದರೂ ಕೇಳಿಸಿಕೊಳ್ಳುತ್ತದೆ ಎಂಬ ನಂಬಿಕೆಯಿತ್ತು. ಆದರೆ ಆ ನಂಬಿಕೆಯ ಭಾರ ಬಿದ್ದದ್ದು ಹೆತ್ತವಳ ಮೇಲೆ. ಯಾವ ಪಾಪ ಮಾಡಿದ್ದೆನೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು.

ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಅಂಗವಿಕಲ ಕರುಗಳ ಬಗ್ಗೆ ಬರೆದು ಸಿಂಪಡಣೆಯ ಮೇಲೆ ಸಂಶಯಪಟ್ಟಿದ್ದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ರೋಗಿಗಳ ನಡುವೆ ಕೂತು ಅದೇ ಸಂಶಯ ಎತ್ತಿದರು. ಸಿಂಪಡಣೆ ನಿಲ್ಲಲಿಲ್ಲ.

ಇಲ್ಲಿ ಜೈನ ದಾರ್ಶನಿಕ ಉಮಾಸ್ವಾತಿ ನೆನಪಾಗುತ್ತಾನೆ. ಅವನ ತತ್ತ್ವಾರ್ಥಸೂತ್ರ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಎಚ್ಚರಗೇಡಿತನದಲ್ಲಿ ಕಾಣುತ್ತದೆ. ದಿಗಂಬರ ಜೈನ ಮುನಿ ಕೂರುವ ಮೊದಲು ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ನೆಲ ಸವರುವುದು ಅದಕ್ಕೇ: ಕಣ್ಣಿಗೆ ಕಾಣದ ಜೀವವೊಂದು ಅಲ್ಲಿರಬಹುದು. ಮೇಲಿನಿಂದ ವಿಷ ಚೆಲ್ಲಿದವರಿಗೆ ಮಕ್ಕಳನ್ನು ನೋಯಿಸುವ ಉದ್ದೇಶ ಇರಲಿಲ್ಲ, ನಿಜ. ಆದರೆ ಕೆಳಗಿನ ಮನೆಗಳು ಕಾಣುತ್ತಿದ್ದವು, ದೂರುಗಳೂ ಬಂದಿದ್ದವು. ಯಾವ ಕಾಯಿಲೆಗೆ ಎಂಡೋಸಲ್ಫಾನ್ ಎಷ್ಟು ಕಾರಣ ಎಂಬ ವಾದ ತಜ್ಞರ ನಡುವೆ ನಡೆದಿದೆ. ಪಿಂಛಿ ಹಿಡಿದವನು ಇರುವೆ ಇದೆಯೆಂಬ ಪುರಾವೆಗಾಗಿ ಕಾಯುವುದಿಲ್ಲ. ಸಂಶಯವೇ ಅವನ ಕೈ ತಡೆಯುತ್ತದೆ. ಕರ್ಮದ ಲೆಕ್ಕ ಕೇಳಬೇಕಾದದ್ದು ತೊಟ್ಟಿಲ ಬಳಿ ಅಲ್ಲ, ಸಿಂಪಡಣೆಗೆ ಸಹಿ ಹಾಕಿದ ಮೇಜಿನ ಬಳಿ.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ತಡೆಯಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಗಡಿಯ ಈಚೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಗೇರು ತೋಟಗಳಿಗೆ ಇದೇ ಮದ್ದು ಬಿಡಲಾಗಿತ್ತು. ಅಂದಿನ ಮಕ್ಕಳಿಗೆ ಈಗ ಮೂವತ್ತು, ನಲವತ್ತು ವರ್ಷ. ಅವರನ್ನು ಎತ್ತಿ ಮೀಯಿಸುವ ತಾಯಂದಿರಿಗೆ ಸೊಂಟ ನೋವು ಬಂದಿದೆ. ತಾವು ಹೋದ ಮೇಲೆ ಇವರಿಗೆ ಯಾರು ಎಂದು ಅವರು ಕೇಳುತ್ತಿದ್ದಾರೆ. ಈ ಪ್ರಶ್ನೆಯನ್ನು ಅವರು ದೈವಕ್ಕೆ ಕೇಳುತ್ತಿಲ್ಲ.